ಸೊಲ್ಲು ಕೊಡುವವಳು

ಸೋಬಾನೆ ಪದವನ್ನು ಒಬ್ಬಳೇ ಹೇಳಲು ಬರುವುದಿಲ್ಲ. ಗೊತ್ತಿಲ್ಲದವರು ಅದೇನು ಮಹಾ ಎನ್ನುತ್ತಾರೆ, ಬಚ್ಚಲಲ್ಲಿ ಸಿನಿಮಾ ಹಾಡು ಹೇಳಿಕೊಂಡ ಹಾಗೆ ಎಂದುಕೊಂಡಿರುತ್ತಾರೆ. ಅಲ್ಲ ಸ್ವಾಮಿ. ಮುಂದೆ ಹೇಳುವವಳು ಒಂದು ಸಾಲು ಹೇಳಿ ಬಿಡಬೇಕು, ಪಕ್ಕದಲ್ಲಿ ಕೂತವಳು ಅದನ್ನು ಎತ್ತಿಕೊಂಡು ಮತ್ತೆ ಹೇಳಬೇಕು. ಅದಕ್ಕೆ ಸೊಲ್ಲು ಕೊಡುವುದು ಎನ್ನುತ್ತಾರೆ. ಸೊಲ್ಲು ನಡೆಯುವಷ್ಟು ಹೊತ್ತಿನಲ್ಲಿ ಮುಂದೆ ಹೇಳುವವಳು ಉಸಿರು ತೆಗೆದುಕೊಂಡು, ಬಾಯಲ್ಲಿದ್ದ ಎಲೆಯಡಿಕೆಯನ್ನು ದವಡೆಯ ಆ ಕಡೆಗೆ ತಳ್ಳಿ, ಮುಂದಿನ ಸಾಲನ್ನು ನೆನಪು ಮಾಡಿಕೊಳ್ಳುತ್ತಾಳೆ. ಉಡಿಗಾಲದ ನಮ್ಮ ಬೀದಿಯಲ್ಲಿ ಮದುವೆಗೆ ಅರಿಸಿನ ಹಚ್ಚುವಾಗ, ದೊಡ್ಡವಳಾದ ಹುಡುಗಿಗೆ ಆರತಿ ಎತ್ತುವಾಗ ಮುಂದೆ ಹೇಳುತ್ತಿದ್ದವಳು ನನ್ನ ಸೋದರತ್ತೆ. ಸೊಲ್ಲು ಕೊಡುತ್ತಿದ್ದವಳು ನಾನು.

ಅತ್ತೆ ನನ್ನನ್ನು ಕೂರಿಸಿಕೊಂಡು ಪಾಠ ಗೀಠ ಮಾಡಲಿಲ್ಲ. ಜೋಳ ಮುರಿಯುವಾಗ, ಅರಿಸಿನ ಕೀಳುವಾಗ ಅವಳು ಹೇಳುತ್ತಿದ್ದಳು, ನಾನು ಹಿಂದೆ ಹೇಳುತ್ತಿದ್ದೆ. ತಪ್ಪಿದರೆ ತಲೆಗೊಂದು ಮೊಟಕು.

"ನನ್ ಬಾಯ್ ನೋಡ್ಬ್ಯಾಡ ಕಣಮ್ಮಿ, ಎದೆ ನೋಡು. ಉಸ್ರು ಎಲ್ಲಿ ಮುಗೀತದೋ ಅಲ್ಲಿ ಎತ್ಕ. ಒಸಿ ಮುಂಚೆ ಎತ್ಕಂಡ್ರೆ ನನ್ ಬಾಯ್ ಮುಚ್ಚಿಸ್ದಂಗೆ, ತಡ ಮಾಡುದ್ರೆ ನನ್ ಕೊಂದಂಗೆ."

ನನಗೆ ಪದದ ಹುಚ್ಚು ಚೆನ್ನಾಗಿಯೇ ಹಿಡಿದಿತ್ತು. ಡಿಗ್ರಿ ಮುಗಿಯುವ ಹೊತ್ತಿಗೆ ಅತ್ತೆಯ ಮೇಳಕ್ಕೆ ಹೊರಗಿನಿಂದಲೂ ಕರೆ ಬರತೊಡಗಿತು. ಚಾಮರಾಜನಗರದ ವೇದಿಕೆ, ಮೈಸೂರಿನ ವೇದಿಕೆ. ಮನೆ ಮಠ ಬಿಟ್ಟು ಅವಳ ಜೊತೆ ಊರೂರು ಸುತ್ತಬೇಕೆಂದು ನಾನು ಮನಸ್ಸಿನಲ್ಲೇ ಗಂಟು ಕಟ್ಟಿಟ್ಟಿದ್ದೆ. ಅಷ್ಟರಲ್ಲಿ ಬರೆದಿದ್ದ ಪರೀಕ್ಷೆ ಪಾಸಾಗಿ, ಗುಂಡ್ಲುಪೇಟೆಯ ಕಚೇರಿಯೊಂದಕ್ಕೆ ಗುಮಾಸ್ತೆಯಾಗಿ ಆರ್ಡರ್ ಬಂದೇಬಿಟ್ಟಿತು.

"ಸೋಬಾನೆ ಏಳಕ್ಕೋದ್ರೆ ಒಂದ್ ತಟ್ಟೆ ಅಕ್ಕಿ, ಒಂದ್ ರವ್ಕೆ ಕಣ ಕೊಟ್ಟಾರು. ಅದ್ನೇ ಉಂಡ್ಕಂಡು ಉಟ್ಕಂಡು ಇದ್ದೀಯಾ? ಬಂದ ಲಕ್ಷ್ಮಿನ ಕಾಲಲ್ಲಿ ಒದೀಬ್ಯಾಡ," ಎಂದಳು ಅವ್ವ.

ನಾನು ಅತ್ತೆಯ ಮುಖ ನೋಡಿದೆ. ಅವಳಾದರೂ ಬೇಡ ಅನ್ನಲಿ ಎಂದು ಆಸೆ. ಅವಳು, "ಓಗು ಕಣಮ್ಮಿ. ಪದ ಎಲ್ಲೂ ಓಡೋಗಲ್ಲ, ಕೆಲ್ಸ ಓಡೋಗ್ತದೆ," ಎಂದುಬಿಟ್ಟಳು. ಹೋದೆ.

ಅವ್ವ ಹೇಳಿದ್ದು ಸುಳ್ಳೇನಲ್ಲ. ಆ ಕೆಲಸದಿಂದಲೇ ತಮ್ಮನ ಓದು ಮುಗಿಯಿತು, ಅಪ್ಪನ ಹೃದಯದ ಆಪರೇಷನ್ ಆಯಿತು. ಕೆಲಸ ಬಿಸಾಕಿ ಕನಸಿನ ಹಿಂದೆ ಓಡಿ ಎಂದು ಮೊಬೈಲಿನಲ್ಲಿ ಉಪದೇಶ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಅವರಪ್ಪನಿಗೆ ಆಪರೇಷನ್ ಯಾರು ಮಾಡಿಸಿದರೋ!

ಆದರೆ ಒಂಟಿತನ ಅನ್ನುವುದು ಯಾವ ಆರ್ಡರಿನಲ್ಲೂ ಬರೆದಿರುವುದಿಲ್ಲ. ಮದುವೆ ಕೂಡಿ ಬರಲಿಲ್ಲ; ನೋಡಲು ಬಂದ ಗಂಡುಗಳ ಕಥೆ ಬರೆದರೆ ಬೇರೆಯೇ ಪುಸ್ತಕವಾದೀತು. ಗುಂಡ್ಲುಪೇಟೆಯಲ್ಲಿ ಮಹಡಿ ಮೇಲಿನ ಒಂದು ಕೋಣೆ ನನ್ನದು. ಶನಿವಾರ ಭಾನುವಾರ ಊಟಿಗೆ, ವಯನಾಡಿಗೆ ಹೋಗುವ ಕಾರುಗಳು ಕಿಟಕಿಯ ಕೆಳಗೆ ಸಾಲು ಹಿಡಿದು ಹೋಗುತ್ತವೆ, ಒಳಗೆಲ್ಲ ಮಕ್ಕಳು ಮರಿ, ಅಜ್ಜಿ ತಾತ. ಕಚೇರಿಯಿಂದ ಬಂದು ಬೀಗ ತೆಗೆದರೆ ಮರುದಿನ ಮತ್ತೆ ಕಚೇರಿಗೆ ಹೋಗುವ ತನಕ ನನ್ನ ಬಾಯಿಂದ ಒಂದು ಮಾತೂ ಹೊರಡದ ದಿನಗಳಿದ್ದವು. ಊರಿಗೆ ಹೋಗುತ್ತಿದ್ದೆ, ಇಲ್ಲವೆಂದಲ್ಲ. ನಾನು ರಜೆ ಹಾಕಿ ಹೋದಾಗ ಮದುವೆ ಇರುತ್ತಿರಲಿಲ್ಲ, ಮದುವೆ ಇದ್ದಾಗ ರಜೆ ಸಿಗುತ್ತಿರಲಿಲ್ಲ.

ಪದ ಮರೆತುಹೋದರೆ ಏನು ಗತಿ ಎಂದು ಹೆದರಿಕೆ ಹತ್ತಿತು. ಅದಕ್ಕೊಂದು ಉಪಾಯ ಮಾಡಿದೆ. ಅತ್ತೆಯ ಸಾಲನ್ನು ನಾನೇ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡುವುದು, ಸೊಲ್ಲಿಗೆ ಬೇಕಾದಷ್ಟು ಜಾಗ ಸುಮ್ಮನೆ ಬಿಡುವುದು, ಮತ್ತೆ ಮುಂದಿನ ಸಾಲು ಹೇಳುವುದು. ಆಮೇಲೆ ಅದನ್ನು ಹಾಕಿಕೊಂಡು, ಕಣ್ಣು ಮುಚ್ಚಿ ಕೂತು, ನನಗೆ ನಾನೇ ಸೊಲ್ಲು ಕೊಡುವುದು. ಒಂದು ಸಂಜೆ ಕೆಳಗಿನ ಮನೆಯ ಮಲಯಾಳಿ ಅಮ್ಮ ಮೆಟ್ಟಿಲಿನಿಂದಲೇ ಕೂಗಿದರು.

"ಮೋಳೇ, ಮನೇಗೆ ಯಾರು ಬಂದಿದ್ದಾರೆ? ಇಬ್ಬರು ಹಾಡ್ತಾ ಇದ್ರಲ್ಲ!"

ನಾಚಿಕೆಯಾಗಿ "ನಮ್ಮತ್ತೆ ಬಂದಿದ್ದಾರೆ ಅಮ್ಮ" ಎಂದುಬಿಟ್ಟೆ. ಪಾಪ, ಇಬ್ಬರಿಗಾಗುವಷ್ಟು ನೇಂದ್ರಬಾಳೆ ಬಜ್ಜಿ ಕಳಿಸಿಕೊಟ್ಟರು. ಅತ್ತೆಯ ಪಾಲನ್ನೂ ನಾನೇ ತಿಂದೆ.

ಹೀಗೆ ಎಷ್ಟೋ ವರ್ಷ ನಡೆಯಿತು. ಹೋದ ವರ್ಷ ಅತ್ತೆಯೇ ಫೋನು ಮಾಡಿದಳು. ಸಂತೆಮರಹಳ್ಳಿಯಲ್ಲಿ ನೆಂಟರ ಹುಡುಗಿಯ ಮದುವೆ. "ವಯಸ್ಸಾಯ್ತು ಕಣಮ್ಮಿ, ಉಸ್ರು ಸಾಲ್ದು. ನಿನ್ನಂಗೆ ಸೊಲ್ಲು ಕೊಡೋರು ಯಾರೂ ಇಲ್ಲ. ಬಂದ್ಬುಡು," ಎಂದಳು. ಆ ಮಾತು ಕೇಳಿ ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ಚಾಮರಾಜನಗರಕ್ಕೆ ವರ್ಗ ಮಾಡಿಸಿಕೊಳ್ಳುವುದು, ಇನ್ನು ಮೇಲೆ ಮೇಳ ಎಲ್ಲಿಗೆ ಹೋದರೂ ಅತ್ತೆಯ ಪಕ್ಕ ಕೂರುವುದು ಎಂದು ಅಲ್ಲೇ ತೀರ್ಮಾನ ಮಾಡಿದೆ. ಆ ಜಾಗವೊಂದು ನನಗೆ ಉಳಿದಿದ್ದರೆ ಸಾಕಿತ್ತು, ಬೇರೇನೂ ಬೇಡ. ಆ ವಾರವೆಲ್ಲ ಫೋನಿನ ಮುಂದೆ ಕೂತು ತಾಲೀಮು ಮಾಡಿದೆ.

ಹುಡುಗಿಯ ಮನೆಯ ಚಪ್ಪರದಡಿ ಹೆಂಗಸರು ಚಾಪೆ ಹಾಸಿ ಕೂತಿದ್ದರು. ಇಷ್ಟು ವರ್ಷ ಸೊಲ್ಲು ಕೊಡುತ್ತಿದ್ದವಳು ನನ್ನ ತಮ್ಮನ ಹೆಂಡತಿ. ಒಳ್ಳೆಯವಳೇ, ಆದರೆ ಗಂಟಲು ಒಡಕು ಮಡಕೆ. "ಬನ್ನಿ ಅತ್ಗೆ, ಕೂತ್ಕಳಿ," ಎಂದು ನಗುನಗುತ್ತಾ ಎದ್ದು ಜಾಗ ಬಿಟ್ಟಳು. ನಾನು ಕೂತೆ. ಅತ್ತೆ ಮೊದಲ ಸಾಲು ಹೇಳಿದಳು. ನಾನು ಎತ್ತಿಕೊಂಡೆ. ಅರಿಸಿನ ಅರೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನನ್ನ ದನಿ ಹಾಗೆಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಎರಡನೆಯ ಸಾಲಿಗೆ ಎಡವಟ್ಟಾಯಿತು. ಅತ್ತೆ ಈಗ ಸಾಲಿನ ನಡುವೆ ನಿಂತು ದಮ್ಮು ತೆಗೆದುಕೊಳ್ಳುತ್ತಾಳೆ. ಅವಳು ನಿಂತಳು, ಸಾಲು ಮುಗಿಯಿತೆಂದು ನಾನು ಎತ್ತಿಕೊಂಡೆ. ಉಳಿದರ್ಧವನ್ನು ಅವಳು ನುಂಗಿಕೊಂಡಳು. ಮುಂದಿನ ಸಲ ಕಾದೆ, ಅಷ್ಟರಲ್ಲಿ ಅವಳ ಉಸಿರು ಮುಗಿದೇ ಹೋಗಿ ಪದ ದೊಪ್ಪನೆ ಬಿತ್ತು. ಆಗ ಗೊತ್ತಾಯಿತು, ನಾನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಕಣ್ಣು ಬಿಟ್ಟು ಅವಳ ಎದೆಯನ್ನೇ ನೋಡಿದೆ. ನೋಡಿದರೂ ಆಗಲಿಲ್ಲ. ನನ್ನ ಗಂಟಲಿಗೆ ಗೊತ್ತಿದ್ದದ್ದು ಫೋನಿನಲ್ಲಿ ನಾನು ಬಿಟ್ಟುಕೊಂಡಿದ್ದ ಅಷ್ಟೇ ಜಾಗ. ಅತ್ತೆಗೆ ಕೆಮ್ಮು ಹತ್ತಿತು.

"ಆಫೀಸಮ್ಮನಿಗೆ ಬಲು ಅರ್ಜೆಂಟು ಕಣ್ರವ್ವ!" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಳು ಬಂದಿತ್ತು.

ಅತ್ತೆ ನೀರು ಕುಡಿದು ನನ್ನ ಮಂಡಿಯ ಮೇಲೆ ಕೈ ಇಟ್ಟಳು. ಬೈಯುತ್ತಾಳೆ ಎಂದುಕೊಂಡೆ, ಚಿಕ್ಕಂದಿನ ಹಾಗೆ ಮೊಟಕಿದ್ದರೂ ಆಗುತ್ತಿತ್ತು. ಅವಳು ಮೆಲ್ಲಗೆ, "ಗಂಟ್ಲು ಬಂಗಾರ ಕಣಮ್ಮಿ ನಿಂದು. ಆದ್ರೆ ಒಬ್ಬಳೇ ಪದ ಏಳ್ಕಳಂಗೆ ಆಗೋಗಿದ್ದೀಯ," ಎಂದಳು. ಆಮೇಲೆ ತಮ್ಮನ ಹೆಂಡತಿಯ ಕಡೆ ನೋಡಿದಳು. ಬಾ ಎಂದು ಬಾಯಿಬಿಟ್ಟು ಕರೆಯಲಿಲ್ಲ, ನಾನೇ ಎದ್ದೆ.

ತಮ್ಮನ ಹೆಂಡತಿ ಕೂತು ಅತ್ತೆಯ ಮಂಡಿಗೆ ತನ್ನ ಮಂಡಿ ಒತ್ತಿದಳು. ಅತ್ತೆ ಮತ್ತೆ ಶುರು ಮಾಡಿದಳು. ಅತ್ತೆ ನಿಂತಲ್ಲಿ ಅವಳೂ ನಿಂತಳು, ಅತ್ತೆ ಬಿಟ್ಟಲ್ಲಿ ಆ ಒಡಕು ದನಿಯಲ್ಲೇ ಎತ್ತಿಕೊಂಡಳು. ಅತ್ತೆಯ ಮುಖಕ್ಕೆ ಕಳೆ ಬಂತು. ನಾನು ಚಪ್ಪರದ ಕಂಬ ಹಿಡಿದು ನಿಂತಿದ್ದೆ. ಒಂದೊಂದು ಸಾಲಿಗೂ ಸೊಲ್ಲು ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು, ತುಟಿ ಕಚ್ಚಿಕೊಳ್ಳುತ್ತಿದ್ದೆ. ನಾನು ಸುಮ್ಮನಿದ್ದಷ್ಟೂ ಪದ ಚೆನ್ನಾಗಿ ನಡೆಯುತ್ತಿತ್ತು.