ದಯವಿಟ್ಟು ಚಪ್ಪಾಳೆ ತಟ್ಟಬೇಡಿ

ಇವತ್ತು ಬೆಳಿಗ್ಗೆ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಭಟ್ಟರು ಕಾಳುಮೆಣಸಿನ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಎಷ್ಟು ಉಳಿದಿದೆ ಎಂದು ನೋಡುವ ಅವರ ಕ್ರಮ ಅದು. ಮುಚ್ಚಳ ತೆಗೆಯುವ ಶ್ರಮ ಯಾಕೆ ಎನ್ನುತ್ತಾರೆ. ಆ ಗಲಗಲ ಶಬ್ದ ಕೇಳಿದ್ದೇ ತಡ, ನನಗೆ ಹೋದ ವರ್ಷದ ಪಿತ್ತ ಮತ್ತೆ ನೆತ್ತಿಗೇರಿತು. ಮೆಣಸಿನ ಮೇಲಲ್ಲ, ಭಟ್ಟರ ಮೇಲೂ ಅಲ್ಲ. ಹೇಳುತ್ತೇನೆ, ಕೂತುಕೊಳ್ಳಿ, ಒಂದು ಕಾಫಿಯಲ್ಲಿ ಮುಗಿಯುವ ಮಾತಲ್ಲ.

ಅಕ್ಷತಾ ನನ್ನ ತಂಗಿಯ ಮಗಳು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ಈಗ ಕಾಲೇಜಿಗೆ ಹೋಗುತ್ತಾಳೆ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಕನ್ನಡ ಏನಿದ್ದರೂ ಜಗಳಕ್ಕೆ. ಅವಳಿಗೆ ಹಾಡಲು ಬರುವುದಿಲ್ಲ. ಇದನ್ನು ಎದ್ದು ನಿಂತು ಹೇಳಬೇಕಾಗಿದೆ, ಯಾಕೆಂದರೆ ನಮ್ಮ ಜನರಿಗೆ ಇದನ್ನು ನಂಬಿಸಲು ಬ್ರಹ್ಮನಿಂದಲೂ ಆಗಲಿಲ್ಲ. ಕಣ್ಣಿಲ್ಲ ಎಂದಮೇಲೆ ಕಂಠ ಇರಲೇಬೇಕು ಎಂದು ಇವರಿಗೆ ಯಾರು ಹೇಳಿಕೊಟ್ಟರೋ! ಮದುವೆ, ಮುಂಜಿ, ಸತ್ಯನಾರಾಯಣ ಪೂಜೆ, ಎಲ್ಲಿಗೆ ಹೋದರೂ ಯಾರಾದರೊಬ್ಬರು ಅವಳ ತಲೆ ಸವರಿ, "ಒಂದು ದೇವರನಾಮ ಹೇಳು ಮಗಾ" ಎನ್ನುವವರೇ. ಶ್ರುತಿಯ ವಿಷಯದಲ್ಲಿ ಅವಳು ಸೋದರಮಾವನನ್ನೇ ಹೋಲುತ್ತಾಳೆ. ನಾನು ಕ್ಯಾಶಿನಲ್ಲಿ ಕೂತು "ಎರಡು ಇಡ್ಲಿ, ಒಂದು ಸಾದಾ" ಎಂದರೆ ಹೋಟೆಲಿರುವ ವರ್ತಕ ನಗರದ ನಾಯಿಗಳು ಎದ್ದು ಕೂರುತ್ತವೆ.

ಒಮ್ಮೆ ಅಂಥದೇ ಒಂದು ಊಟದ ಮನೆಯಿಂದ ರಿಕ್ಷಾದಲ್ಲಿ ಬರುವಾಗ ಅವಳು ಕೇಳಿದಳು: "ಮಾವ, ಇವರಿಗೆಲ್ಲ ಕಣ್ಣುಂಟಲ್ಲ. ಇವರ ಹತ್ರ ಯಾರಾದ್ರೂ ಚಿತ್ರ ಬಿಡಿಸು ಅಂತ ಹೇಳ್ತಾರಾ?"

ಕನ್ನಡದಲ್ಲೇ ಕೇಳಿದಳು.

ಅವಳಿಗೆ ಬೇಕಾಗಿದ್ದದ್ದು ಕ್ರಿಕೆಟ್. ಕಣ್ಣು ಕಾಣದವರ ಕ್ರಿಕೆಟ್ಟಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡು, ಒಳಗೆ ಗಲಗಲ ಎನ್ನುವ ಗುಂಡುಗಳು. ಕೈ ಕೆಳಗಿನಿಂದ, ನೆಲಕ್ಕೆ ತಾಗಿ ಉರುಳುವ ಹಾಗೆ ಎಸೆಯುತ್ತಾರೆ. ಬೌಲರ್ "ರೆಡಿ?" ಎನ್ನಬೇಕು, ಬ್ಯಾಟು ಹಿಡಿದವಳು "ಯೆಸ್" ಎನ್ನಬೇಕು, "ಪ್ಲೇ" ಎನ್ನುತ್ತ ಚೆಂಡು ಬಿಡಬೇಕು. ಆಮೇಲೆ ಕಿವಿಯದೇ ಕೆಲಸ. ನೋಡಲು ಬಂದವರು ಮಾಡಬೇಕಾದ ಉಪಕಾರ ಒಂದೇ, ಬಾಯಿ ಮುಚ್ಚಿಕೊಂಡು ಕೂರುವುದು. ಆದರೆ ನಾವು ಕರಾವಳಿಯವರು ಚೆಂಡೆಯ ಪೆಟ್ಟಿಗೆ ತೊಟ್ಟಿಲಲ್ಲಿ ನಿದ್ದೆ ಹೋದ ಜನ. ಗದ್ದಲವಿಲ್ಲದಿದ್ದರೆ ನಮಗೆ ಸಮಾರಂಭ ಅನ್ನಿಸುವುದೇ ಇಲ್ಲ.

ಹೋದ ವರ್ಷ ನಮ್ಮವರ ಸಂಘದ ಕ್ರೀಡಾಕೂಟ ಘೋಡಬಂದರ್ ರಸ್ತೆಯ ಕಡೆ ಒಂದು ಮೈದಾನದಲ್ಲಿತ್ತು. ಕಾರ್ಯದರ್ಶಿ ವಾದಿರಾಜ ರಾಯರು ಹೋಟೆಲಿಗೆ ಬಂದು, "ಈ ಸಲ ಕುರುಡು ಮಕ್ಕಳ ಕ್ರಿಕೆಟ್ ಇಡುವ ಮಾರಾಯ್ರೆ, ಜನರ ಮನಸ್ಸು ಕರಗ್ತದೆ" ಎಂದರು. ಕರಗಲಿಕ್ಕೆ ಅದೇನು ಬೆಣ್ಣೆಯೇ ಎಂದು ಕೇಳಬೇಕೆಂದಿದ್ದೆ, ನುಂಗಿಕೊಂಡೆ. ಕಾರಣವಿತ್ತು. ಹುಡುಗಿಯರ ತಂಡದ ಕೋಚ್ ಸ್ಮಿತಾ ಮೇಡಂ ಆ ದಿನ ಆಟ ನೋಡಿ ಹೊಸಬರನ್ನು ಆರಿಸುವವರಿದ್ದರು. ಅಕ್ಷತಾ ಅದಕ್ಕಾಗಿ ತಿಂಗಳುಗಟ್ಟಲೆ ಬಿಲ್ಡಿಂಗಿನ ಪಾರ್ಕಿಂಗ್‌ನಲ್ಲಿ ಮಂಡಿ ಸಿಪ್ಪೆ ಸುಲಿಯುವಷ್ಟು ಅಭ್ಯಾಸ ಮಾಡಿದ್ದಳು. "ಚೆಂಡು ಎಸೆಯುವಾಗ ಸ್ಪೀಕರ್ ಬಂದ್ ಇರಬೇಕು" ಎಂದು ರಾಯರಿಗೆ ಹೇಳಿದೆ. "ಹೌದೌದು, ಅದೆಲ್ಲ ಉಂಟು" ಎಂದರು.

ಎಂತ ಉಂಟು, ಮಣ್ಣು! ಅಕ್ಷತಾ ಬ್ಯಾಟು ಹಿಡಿದು ನಿಂತಾಗ ಮೈಕಿನವನು, "ದೇವರು ಕಣ್ಣು ಕೊಡದಿದ್ದರೇನಂತೆ, ನೋಡಿ ಈ ಮಗುವಿನ ಛಲ!" ಎಂದು ಶುರುಹಚ್ಚಿಕೊಂಡ. ಚೆಂಡು ಬಂದದ್ದು ಅವಳಿಗೆ ಗೊತ್ತಾದದ್ದು ಸ್ಟಂಪಿಗೆ ಬಡಿದಾಗಲೇ. ಸ್ಮಿತಾ ಮೇಡಂ ಓಡಿ ಬಂದು, "ಕಾಕಾ, ಆಧೀ ಸ್ಪೀಕರ್ ಬಂದ್ ಕರಾ!" ಎಂದು ಕಿರುಚಿದರು. "ಎರಡೇ ನಿಮಿಷ, ಗೆಸ್ಟ್ ಮಾತಾಡ್ತಾರೆ" ಎಂದರು ರಾಯರು. ಇನ್ನೊಂದು ಅವಕಾಶ ಕೊಟ್ಟರು. ಈ ಸಲ ಚೆಂಡು ಉರುಳುತ್ತಿದ್ದಂತೆ ಜನರೇ ಚಪ್ಪಾಳೆ ಹೊಡೆದರು. "ಕಮಾನ್ ಬೇಟಾ!" ಮತ್ತೆ ಸ್ಟಂಪು ಠಣ್ ಎಂದಿತು. ಔಟಾದವಳಿಗೆ ಇನ್ನೂ ಜೋರಾಗಿ ಚಪ್ಪಾಳೆ, ಹೆಗಲಿಗೊಂದು ಶಾಲು, ಕೈಗೆ ಮೈಕು. "ಈಗ ಅಕ್ಷತಾ ಒಂದು ಹಾಡು ಹೇಳ್ತಾಳೆ."

ಅವಳು ಹೇಳಿದಳು: "ನಂಗೆ ಹಾಡ್ಲಿಕ್ಕೆ ಬರೂದಿಲ್ಲ. ಬ್ಯಾಟಿಂಗ್ ಬರ್ತದೆ. ನೀವು ಬಿಡ್ಲಿಲ್ಲ."

ಅದಕ್ಕೂ ಚಪ್ಪಾಳೆ ತಟ್ಟಿದರು, ಪುಣ್ಯಾತ್ಮರು!

ತಂಡಕ್ಕೆ ಅವಳು ಆಯ್ಕೆಯಾಗಲಿಲ್ಲ. ನೋಡದ ಆಟಕ್ಕೆ ಜಾಗ ಹೇಗೆ ಕೊಡಲಿ ಎಂದರು ಸ್ಮಿತಾ ಮೇಡಂ, ನ್ಯಾಯವೇ. ನಾನು ರಾಯರನ್ನು ಹಿಡಿದು ಬಾಯಿಗೆ ಬಂದಂತೆ ಬೈದೆ. "ಎಂತ ಕೋಪ ಮಾರಾಯ್ರೆ, ನಾವು ಒಳ್ಳೇದಕ್ಕೇ ಮಾಡಿದ್ದಲ್ವಾ?" ಎಂದರು. ಕೆಟ್ಟದ್ದು ಮಾಡಿದವನ ಜೊತೆ ಜಗಳವಾಡಬಹುದು. ಈ ಒಳ್ಳೇದಕ್ಕೇ ಮಾಡುವವರ ಮುಂದೆ ನಾವೇ ಕೃತಘ್ನರಾಗಿ ನಿಲ್ಲಬೇಕು. ಆ ಉರಿ ನನಗೆ ಇನ್ನೂ ಆರಿಲ್ಲ.

ಇವತ್ತು ಮತ್ತೆ ಆಯ್ಕೆ ಇತ್ತು, ಕಳಂಬೋಲಿಯಲ್ಲಿ. ಭಾನುವಾರ ಹೋಟೆಲಿನಲ್ಲಿ ರಶ್ ಇದ್ದರೂ ಕ್ಯಾಶಿನಲ್ಲಿ ಮಗನನ್ನು ಕೂರಿಸಿ ಹೋದೆ. ಅಲ್ಲಿಂದಲೇ ಈಗ ಬರುತ್ತಿದ್ದೇನೆ. ಅವಳನ್ನು ತಂಡಕ್ಕೆ ತೆಗೆದುಕೊಂಡರು ಎಂದು ಮೊದಲೇ ಹೇಳಿಬಿಡುತ್ತೇನೆ, ಗುಟ್ಟು ಕಟ್ಟಿಕೊಂಡು ಕತೆ ಹೇಳುವ ತಾಳ್ಮೆ ನನಗಿಲ್ಲ. ರಜಾದಿನವಾದ್ದರಿಂದ ಅಲ್ಲಿನ ಕಬ್ಬಿಣದ ಮಾರ್ಕೆಟ್ಟಿನ ಲಾರಿಗಳ ಗಲಾಟೆ ಕಡಿಮೆಯಿತ್ತು. ಅಕ್ಷತಾ ಬ್ಯಾಟು ಹಿಡಿದು ಬಂದಾಗ ನನ್ನ ಪಕ್ಕದಲ್ಲಿದ್ದ ಗೃಹಸ್ಥ ಚಪ್ಪಾಳೆಗೆ ಕೈ ಎತ್ತಿದ. ಎರಡೂ ಕೈ ಹಿಡಿದುಬಿಟ್ಟೆ.

"ಕ್ಯಾ ಹುವಾ ಅಂಕಲ್?"

ಕಣ್ಣು ಕೆಂಪಗೆ ಮಾಡಿ ತುಟಿಗೆ ಬೆರಳಿಟ್ಟೆ. ಪಾಪ, ತೆಪ್ಪಗಾದ.

"ರೆಡಿ?" "ಯೆಸ್." "ಪ್ಲೇ." ಗಲಗಲ ಎನ್ನುತ್ತ ಬರುವ ಚೆಂಡು ನನಗೂ ಕೇಳಿಸಿತು. ಅವಳು ಮಂಡಿಯೂರಿ ಗುಡಿಸಿದ ಹಾಗೆ ಬ್ಯಾಟು ಬೀಸಿದಳು. ಚೆಂಡು ದೂರ ದೂರ ಉರುಳಿ ಗೆರೆ ದಾಟುವವರೆಗೂ ಮೈದಾನದಲ್ಲಿ ಯಾರೂ ಉಸಿರೆತ್ತಲಿಲ್ಲ. ಆಗ ಅವಳು ನಮ್ಮ ಕಡೆ ಮುಖ ತಿರುಗಿಸಿ ಕೂಗಿದಳು:

"ಮಾವ, ಫೋರ್ ಹೋಯ್ತು! ಈಗ ಬೊಬ್ಬೆ ಹಾಕಿ!"

ಹಾಕಿದೆ. ಹೋದ ವರ್ಷದ್ದೂ ಸೇರಿಸಿ ಹಾಕಿದೆ. ಬೌಲರ್ ಮುಂದಿನ ಚೆಂಡು ಹಿಡಿದು ನಿಂತಿದ್ದರೂ ನಿಲ್ಲಿಸಲಾಗಲಿಲ್ಲ. ಕೊನೆಗೆ ಸ್ಮಿತಾ ಮೇಡಂ ತಿರುಗಿ, "ಕಾಕಾ, ಬಸ್! ಗಪ್ಪ ಬಸಾ!" ಎಂದು ಎಲ್ಲರೆದುರು ಗದರಿದರು.

ಬಾಯಿ ಮುಚ್ಚಿಕೊಂಡು ಕೂತೆ.