ಸಾಕು ಎನ್ನುವವರಿಲ್ಲದೆ ಹಿಂದಕ್ಕೆ ತೆಗೆದ ಗಾಡಿ

ಮಗಳು ಹೆತ್ತಳೆಂಬ ಫೋನು ಮುದ್ದೇಬಿಹಾಳದಿಂದ ಬಂದಾಗ ದೇವಣಗಾಂವದ ನಮ್ಮ ಮನೆಯಲ್ಲಿ ನಾನೊಬ್ಬನೇ. ಮೊಮ್ಮಗಳು! ಯಾರಿಗೆ ಹೇಳಲಿ? ಆಕಳಿಗೆ ಹೇಳಿದೆ, ಒಂದು ಹಿಡಿ ಬೆಲ್ಲ ತಿನ್ನಿಸಿದೆ. ಆಮೇಲೆ ಧೋತರ ಬದಲಿಸಿ, ಕಾರು ಹತ್ತಿ ಹಿಂದಕ್ಕೆ ತೆಗೆದೆ ನೋಡಿ, ಅಂಗಳದ ಕಲ್ಲುಗಂಬಕ್ಕೆ ಧಡ್ಡನೆ ಬಡಿಯಿತು.

ನನ್ನ ಹೆಂಡತಿ ಇದ್ದಾಗ ಹೀಗಾಗುತ್ತಿರಲಿಲ್ಲ. ನಾನು ಗಾಡಿ ಹಿಂದಕ್ಕೆ ತೆಗೆಯುವಾಗಲೆಲ್ಲ ಅವಳು ಹಿಂದೆ ನಿಂತು, "ಬರ್ರಿ... ಬರ್ರಿ... ಸಾಕ್! ಕಿವಿ ಕೇಳಸ್ತಾವಿಲ್ಲೊ?" ಎಂದು ಗಾಡಿಯ ಬೆನ್ನಿಗೆ ಬಡಿಯುತ್ತಿದ್ದಳು. ಅವಳು ತೀರಿಹೋದ ಮೇಲೂ ಆ ಬಡಿತಕ್ಕೇ ಕಾಯುತ್ತಿದ್ದೆನೇನೋ.

ಬಸ್ಸಿಗೆ ಹೋಗಿ ಕೂಸನ್ನು ನೋಡಿ ಬಂದೆ. ಆದರೆ ಹೆಸರಿಡುವ ದಿನ ತವರಿನ ತೊಟ್ಟಿಲು ಹೋಗಲೇಬೇಕಲ್ಲ? ಮಗಳಿಗಾಗಿ ಅವಳವ್ವ ಮಾಡಿಸಿದ್ದ ತೊಟ್ಟಿಲು ಅದು. ಅದನ್ನು ಒಳಗಿಡಬೇಕಾದ ಗಾಡಿಯ ಹಿಂದಿನ ಬಾಗಿಲೇ ಜಜ್ಜಿಹೋಗಿ ತೆರೆಯದಂತಾಗಿತ್ತು.

ವಿಮೆಯವರಿಗೆ ಫೋನು ಮಾಡಿದೆ. ಸರ್ವೆಯರ್ ಬಂದು ನೋಡುವತನಕ ರಿಪೇರಿ ಮಾಡಿಸಬೇಡಿ ಎಂದರು. ಪಕ್ಕದ ಮನೆಯವನು ಗೋಡೆಯಾಚೆಯಿಂದಲೇ, "ಕಾಕಾ, ತಪ್ಪು ನಂದು ಅಂದಿ ಅಂದ್ರ ಏನೂ ಕೊಡಂಗಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಬಡೀತು ಅನ್ನು" ಎಂದ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ನನಗೂ ಹಾಗೇ ಅನಿಸಿತ್ತು. ಊರ ಹಿರಿಯರು ಜಗಳ ಬಿಡಿಸಲು ಕುಳಿತರೆ ಮೊದಲು ಕೇಳುವುದು ಅದನ್ನೇ ಅಲ್ಲವೇ, ತಪ್ಪು ಯಾರದು ಎಂದು?

ಸರ್ವೆಯರ್ ಬಂದರು. ಫೋಟೊ ತೆಗೆದು, "ಹೆಂಗಾತ್ರಿ ಅಜ್ಜಾ?" ಎಂದರು.

"ಮೊಮ್ಮಗಳು ಹುಟ್ಯಾಳ್ರಿ."

"ಅಲ್ರಿ, ಗಾಡಿ ಹೆಂಗ ಬಡೀತು?"

"ಅದನ್ನ ಹೇಳಾಕತ್ತೇನ್ರಿ!"

ಟ್ರ್ಯಾಕ್ಟರ್ ನೆನಪೇ ಆಗಲಿಲ್ಲ. ಕೂಸಿನ ಮೂಗಿನಿಂದ ಹಿಡಿದು ಕಲ್ಲುಗಂಬದವರೆಗೆ ಎಲ್ಲ ಹೇಳಿಬಿಟ್ಟೆ. ಕುಳಿತು ಪೂರ್ತಿ ಕೇಳಿದವರು ಅವರೊಬ್ಬರೇ. ಪೇಢೆ ತಿನ್ನಿಸಿದೆ.

ಅವರು ನಕ್ಕರು. "ತಪ್ಪು ನಿಮ್ಮದಾದ್ರೂ ಚಿಂತಿಲ್ರಿ. ಬರೀ ಮಂದಿಗೆ ಆಗೋ ಹಾನಿಗೆ ವಿಮಾ ಇದ್ದಿದ್ರ ನಿಮಗೇನೂ ಬರತಿರಲಿಲ್ಲ. ನೀವು ಸ್ವಂತ ಗಾಡಿಗೂ ಕಟ್ಟೀರಿ. ಕಂಬಕ್ಕ ಬಡೀಲಿ, ಟ್ರ್ಯಾಕ್ಟರಿಗೆ ಬಡೀಲಿ, ಬರ್ತದ. ಆದ್ರ ಪ್ರತಿ ಸಲ ಮೊದಲಿನ ಒಂದು ಪಾಲು ನಿಮ್ಮ ಕೈಲಿಂದ. ಗಾಡಿ ಹಳೇದಾದದ್ದಕ್ಕ ಸವಕಳಿ ಅಂತ ಒಂದಿಷ್ಟು ಕಳದು ಉಳಿದದ್ದು ಕಂಪನಿದು."

"ಮೊದಲ ತುತ್ತು ನಂದು ಅನ್ರಿ."

"ಹೌದ್ರಿ. ಆ ತುತ್ತು ದೊಡ್ಡದು ಮಾಡ್ಕೊಂಡ್ರ ವರ್ಷದ ಕಂತು ಸಣ್ಣದಾಗ್ತದ. ಆದ್ರ ಬಡದಾಗ ಭಾರ ನಿಮಗ."

ಬಾಗಿಲು ರಿಪೇರಿಯಾಯಿತು, ತೊಟ್ಟಿಲು ಹೊರಟಿತು. ಪಕ್ಕದ ಖಾಲಿ ಸೀಟಿಗೆ ಕೂಸಿನ ಸುದ್ದಿ ಹೇಳುತ್ತ ಹೇಳುತ್ತ ತಾಳಿಕೋಟೆ ದಾಟಿದ್ದೇ ತಿಳಿಯಲಿಲ್ಲ. ಬೀಗರ ಓಣಿಯಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ಹೊಸ್ತಿಲಿನಿಂದ ಮಗಳು ಕೂಗಿದಳು: "ಸಾಕಪಾ, ಸಾಕ್! ಕಿವಿ ಕೇಳಸ್ತಾವಿಲ್ಲೊ?"

ಇನ್ನೂ ಒಂದು ಮಾರು ಜಾಗವಿತ್ತು. ಅಲ್ಲೇ ನಿಲ್ಲಿಸಿದೆ.

ಅಂದು ಸಂಜೆ ಊರಿಗೆ ಬಂದವನು ಗಾಡಿಯನ್ನು ಅಂಗಳಕ್ಕೆ ತರಲಿಲ್ಲ. ಓಣಿಯಲ್ಲೇ ಬಿಟ್ಟು ಒಳಗೆ ಹೋಗಿ, ಆಕಳಿಗೆ ಮೊಮ್ಮಗಳ ಹೆಸರು ಹೇಳಿದೆ.