ಸದ್ದು ನಿಂತಾಗ

ನಮ್ಮ ಭಾವ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಅದಕ್ಕೆ ನೀರುಣಿಸುವ ಪಂಪು ಗೊರಗೊರ ಅನ್ನುತ್ತಿದ್ದರೆ ಎಲ್ಲ ಸರಿ. ಸದ್ದು ನಿಂತಿತೋ, ಬಾಯ್ಲರ್ ಸಿಡಿಯುವ ಮೊದಲು ಒಲೆ ಆರಿಸಿ ಎಲ್ಲರನ್ನೂ ಹೊರಗಟ್ಟಬೇಕು. ಆ ಭಯದಲ್ಲೇ ಅವರ ತಲೆ ನೆರೆತದ್ದು.

ನಿದ್ದೆ ಬಾರದೆ ಹೋದಾಗ ಡಾಕ್ಟರು ಧ್ಯಾನ ಮಾಡಲು ಹೇಳಿದರು. ಅಕ್ಕ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, "ಉಸಿರು ಮಾತ್ರ ಗಮನಿಸಿ" ಅಂದಳು. ಭಾವ ಕಣ್ಣು ಮುಚ್ಚಿದರು. ಮನೆ ನಿಶ್ಶಬ್ದವಾಯಿತು. ಅವರು ಥಟ್ಟನೆ ಕಣ್ಣು ಬಿಟ್ಟರು. ಎದ್ದವರೇ ಅಡುಗೆಮನೆಗೆ ಓಡಿ ಒಲೆ ಆರಿಸಿ, ಸ್ನಾನ ಮಾಡುತ್ತಿದ್ದ ನನ್ನನ್ನೂ ಬಿಡದೆ ಬೀದಿಗೆ ಅಟ್ಟಿದರು. ಟವೆಲ್ ಸುತ್ತಿಕೊಂಡು ನಿಂತ ನಾನು ಆ ಡಾಕ್ಟರಿಗೆ ಹಿಡಿಶಾಪ ಹಾಕಿದೆ.

"ಏನಾಯ್ತು ರೀ?" ಅಂದಳು ಅಕ್ಕ.

"ಏನೂ ಕೇಳಿಸ್ತಿಲ್ಲ ಕಣೇ," ಅಂದರು ಭಾವ. ಅವರ ಹಲ್ಲು ಕಟಕಟ ಅನ್ನುತ್ತಿದ್ದವು. ನನ್ನ ಸಿಟ್ಟು ಜರ್ರನೆ ಇಳಿಯಿತು.

ಮರುದಿನ ಭಾವ ಮತ್ತೆ ಧ್ಯಾನಕ್ಕೆ ಕೂತಾಗ ಅಕ್ಕ ಅವರ ಬೆನ್ನ ಹಿಂದೆಯೇ ಕೂತು ಹೊಲಿಗೆ ಯಂತ್ರ ತುಳಿದಳು. ಆ ಗಡಗಡದಲ್ಲಿ ಭಾವನ ಭುಜ ಮೊದಲ ಸಲ ಸಡಿಲವಾಯಿತು. ಅಷ್ಟರಲ್ಲಿ ಯಂತ್ರ ನಿಂತಿತು. ಭಾವನ ಉಸಿರೂ ನಿಂತಿತು.

"ದಾರ ಹರೀತು ಅಷ್ಟೇ," ಅಂದಳು ಅಕ್ಕ. "ಉಸಿರು ಬಿಡಿ."